ನಾಯಿಗಳ ಗಡ್ಡೆಗಳ ಸೂಜಿ ಪರೀಕ್ಷೆ

ನಾಯಿಗಳ ಗಡ್ಡೆಗಳ ಸೂಜಿ ಪರೀಕ್ಷೆ ಎಂಬುದು ನಾಯಿಯ ದೇಹದಲ್ಲಿ ಕಾಣಿಸಿಕೊಂಡ ಗಡ್ಡೆಗೆ ತೆಳುವಾದ ಸೂಜಿಯನ್ನು ಚುಚ್ಚಿ, ಸೂಜಿಯೊಳಗೆ ಸೇರಿಕೊಂಡ ಜೀವಕೋಶಗಳನ್ನು ಗಾಜಿನ ಪಟ್ಟಿಯ ಮೇಲೆ ಹರಡಿ, ಬಣ್ಣ ಹಾಕಿ ಸೂಕ್ಷ್ಮದರ್ಶಕದಲ್ಲಿ ಪರಿಶೀಲಿಸುವ ರೋಗನಿರ್ಣಯ ವಿಧಾನ. ಪಶುವೈದ್ಯರ ನಡುವೆಯೂ ಪ್ರಯೋಗಾಲಯದ ಚೀಟಿಗಳಲ್ಲಿಯೂ ಇದು ಎಫ್‌ಎನ್‌ಎಸಿ ಎಂಬ ಹೆಸರಿನಿಂದಲೇ ಹೆಚ್ಚು ಪರಿಚಿತವಾಗಿದೆ. ಚರ್ಮದ ಮೇಲಿನ ಮತ್ತು ಚರ್ಮದ ಅಡಿಯ ಗಡ್ಡೆಗಳಿಗೆ ಸಾಮಾನ್ಯವಾಗಿ ಅರಿವಳಿಕೆಯ ಅಗತ್ಯವಿಲ್ಲದೆ ಕೆಲವೇ ನಿಮಿಷಗಳಲ್ಲಿ ಇದನ್ನು ಮಾಡಬಹುದು.

ಗಡ್ಡೆಯನ್ನು ನೋಡಿ, ಕೈಯಿಂದ ಮುಟ್ಟಿ ಅದು ನಿರುಪದ್ರವಿಯಾದ ಕೊಬ್ಬಿನ ಗಡ್ಡೆಯೋ ಕ್ಯಾನ್ಸರೋ ಎಂದು ಖಚಿತವಾಗಿ ಹೇಳುವುದು ಅನುಭವಿ ವೈದ್ಯರಿಗೂ ಸಾಧ್ಯವಿಲ್ಲ. ಮೃದುವಾಗಿ, ಜಾರುವಂತೆ ಸಿಗುವ ಗಡ್ಡೆಯು ಮಾಸ್ಟ್ ಕೋಶಗಳ ಕ್ಯಾನ್ಸರ್ ಆಗಿರಬಹುದು. ಕೆಂಪಗೆ ಹುಣ್ಣಾಗಿ ಭಯ ಹುಟ್ಟಿಸುವ ಗಡ್ಡೆಯು ತಾನಾಗಿಯೇ ಮಾಯುವ ಹಿಸ್ಟಿಯೊಸೈಟೋಮಾ ಆಗಿರಬಹುದು. ಆದ್ದರಿಂದ ಗಡ್ಡೆಯನ್ನು ಹಾಗೆಯೇ ಬಿಡಬೇಕೆ, ಕತ್ತರಿಸಬೇಕೆ, ಕತ್ತರಿಸುವುದಾದರೆ ಸುತ್ತಲಿನ ಎಷ್ಟು ಚರ್ಮವನ್ನು ಸೇರಿಸಿ ಕತ್ತರಿಸಬೇಕು, ಅಥವಾ ಶಸ್ತ್ರಚಿಕಿತ್ಸೆಯನ್ನೇ ಬಿಟ್ಟು ಔಷಧಿ ಕೊಡಬೇಕೆ ಎಂಬ ನಿರ್ಧಾರಕ್ಕೆ ಈ ಪರೀಕ್ಷೆಯು ಮೊದಲ ಆಧಾರವಾಗುತ್ತದೆ. ರೋಗದ ಹೆಸರನ್ನು ಪೂರ್ಣವಾಗಿ ಹೇಳಲಾಗದ ಸಂದರ್ಭದಲ್ಲಿಯೂ ಮುಂದಿನ ಹೆಜ್ಜೆ ಯಾವುದೆಂದು ಅದು ಅನೇಕ ವೇಳೆ ತೋರಿಸಿಕೊಡುತ್ತದೆ.

ಹಿನ್ನೆಲೆ

ಮಾನವ ವೈದ್ಯಕೀಯದಲ್ಲಿ ಸೂಜಿಯಿಂದ ಗಡ್ಡೆಯ ಕೋಶಗಳನ್ನು ಹೀರಿ ನೋಡುವ ಕ್ರಮವನ್ನು ನ್ಯೂಯಾರ್ಕಿನ ಮೆಮೋರಿಯಲ್ ಆಸ್ಪತ್ರೆಯ ಹೇಯ್ಸ್ ಮಾರ್ಟಿನ್ ಮತ್ತು ಎಡ್ವರ್ಡ್ ಎಲ್ಲಿಸ್ 1930ರಲ್ಲಿ ವಿವರಿಸಿದರು. ಅವರು ಬಳಸಿದ ಸೂಜಿ ಈಗಿನದಕ್ಕಿಂತ ದಪ್ಪನೆಯದು. ತೆಳುವಾದ ಸೂಜಿಯ ವಿಧಾನವು ಇಪ್ಪತ್ತನೆಯ ಶತಮಾನದ ಮಧ್ಯಭಾಗದಲ್ಲಿ ಸ್ವೀಡನ್ನಿನ ವೈದ್ಯರ ಕೈಯಲ್ಲಿ ಬೆಳೆದು, ಅನಂತರ ಪಶುವೈದ್ಯಕೀಯಕ್ಕೂ ಬಂದಿತು.

ಕೋಶಗಳಿಗೆ ಹಾಕುವ ಬಣ್ಣಗಳ ಇತಿಹಾಸ ಇದಕ್ಕಿಂತ ಹಳೆಯದು ಮತ್ತು ಅದರಲ್ಲಿ ಭಾರತದ ನಂಟೂ ಇದೆ. ರಷ್ಯಾದ ದ್ಮಿತ್ರಿ ರೊಮನೊವ್‌ಸ್ಕಿ 1891ರಲ್ಲಿ ಮಲೇರಿಯಾ ಪರಾವಲಂಬಿಯನ್ನು ನೋಡಲು ಇಯೋಸಿನ್ ಮತ್ತು ಮೆಥಿಲೀನ್ ನೀಲಿಯನ್ನು ಒಟ್ಟುಗೂಡಿಸಿ ಬಳಸಿದನು. 1901ರಲ್ಲಿ ಬ್ರಿಟಿಷ್ ಸೇನಾ ವೈದ್ಯ ವಿಲಿಯಂ ಲೀಶ್ಮನ್ ಅದನ್ನು ಸರಳಗೊಳಿಸಿದನು. ಕಾಳಾ ಅಜಾರ್ ರೋಗದ ಪರಾವಲಂಬಿಯನ್ನು ಕಂಡು, ಮದರಾಸಿನ ಚಾರ್ಲ್ಸ್ ಡೊನೊವನ್‌ನೊಂದಿಗೆ ಆ ಶೋಧದ ಕೀರ್ತಿಯನ್ನು ಹಂಚಿಕೊಂಡವನೂ ಇದೇ ಲೀಶ್ಮನ್. ಭಾರತದ ಪ್ರಯೋಗಾಲಯಗಳಲ್ಲಿ ರಕ್ತದ ಲೇಪಕ್ಕೂ ಗಡ್ಡೆಯ ಲೇಪಕ್ಕೂ ಲೀಶ್ಮನ್ ಬಣ್ಣವನ್ನು ಇಂದಿಗೂ ವ್ಯಾಪಕವಾಗಿ ಬಳಸಲಾಗುತ್ತಿದೆ.

ಬೆಂಗಳೂರಿನ ದಂಡುಪ್ರದೇಶ ಮತ್ತು ಪೂರ್ವಭಾಗದಲ್ಲಿ

ಶಿವಾಜಿನಗರ, ಹಲಸೂರು, ಇಂದಿರಾನಗರ ಹಾಗೂ ಕೆ.ಆರ್. ಪುರ ಭಾಗಗಳಲ್ಲಿ ಎರಡು ಬಗೆಯ ನಾಯಿಗಳು ಪಶುವೈದ್ಯರ ಬಳಿಗೆ ಬರುತ್ತವೆ. ಲ್ಯಾಬ್ರಡಾರ್, ಗೋಲ್ಡನ್ ರಿಟ್ರೀವರ್, ಪಗ್, ಬಾಕ್ಸರ್, ಜರ್ಮನ್ ಶೆಫರ್ಡ್ ಮುಂತಾದ ಮನೆಯ ತಳಿಗಳು ಒಂದೆಡೆ. ಬೀದಿಯಲ್ಲಿ ಬೆಳೆದು ಸುತ್ತಲಿನವರು ಹಾಕಿದ ಊಟದಲ್ಲಿ ಬದುಕುವ ನಾಡನಾಯಿಗಳು ಇನ್ನೊಂದೆಡೆ. ಈ ಎರಡೂ ಗುಂಪಿನ ಗಡ್ಡೆಗಳ ಸ್ವರೂಪ ಒಂದೇ ಆಗಿರುವುದಿಲ್ಲ. ಪಗ್, ಬಾಕ್ಸರ್ ಮತ್ತು ಲ್ಯಾಬ್ರಡಾರ್‌ಗಳಲ್ಲಿ ಮಾಸ್ಟ್ ಕೋಶ ಗಡ್ಡೆಯ ಸಂಭವ ಹೆಚ್ಚು. ಗೋಲ್ಡನ್ ರಿಟ್ರೀವರ್‌ಗಳಲ್ಲಿ ದುಗ್ಧಗ್ರಂಥಿಗಳ ಕ್ಯಾನ್ಸರ್ ಆದ ಲಿಂಫೋಮಾದ ಸಂಭವ ಹೆಚ್ಚು. ಸಂತಾನಹರಣವಾಗದ ಬೀದಿ ನಾಯಿಗಳಲ್ಲಿ ಕೂಡುವಿಕೆಯಿಂದ ಹರಡುವ ಸಾಂಕ್ರಾಮಿಕ ಗಡ್ಡೆಯನ್ನು ಮೊದಲು ಶಂಕಿಸಬೇಕಾಗುತ್ತದೆ.

ಬೀದಿ ನಾಯಿಗಳ ಸಂಖ್ಯೆ ಸಣ್ಣದಲ್ಲ. ಅಂದಿನ ಬೃಹತ್ ಬೆಂಗಳೂರು ಮಹಾನಗರ ಪಾಲಿಕೆಯು 2023ರಲ್ಲಿ ನಡೆಸಿದ ಸಮೀಕ್ಷೆಯ ಪ್ರಕಾರ ನಗರದಲ್ಲಿ ಸುಮಾರು 2.79 ಲಕ್ಷ ಬೀದಿ ನಾಯಿಗಳಿದ್ದವು. 2019ರ ಎಣಿಕೆಯಲ್ಲಿ ಈ ಸಂಖ್ಯೆ ಸುಮಾರು 3.1 ಲಕ್ಷವಾಗಿತ್ತು. ವಲಯವಾರು ಲೆಕ್ಕದಲ್ಲಿ ಕೆ.ಆರ್. ಪುರವನ್ನು ಒಳಗೊಂಡ ಮಹದೇವಪುರ ವಲಯವೇ 2023ರಲ್ಲಿ ಮೊದಲ ಸ್ಥಾನದಲ್ಲಿತ್ತು.

ಸರ್ಕಾರಿ ವ್ಯವಸ್ಥೆಯಲ್ಲಿ ಈ ಭಾಗಕ್ಕೆ ಹತ್ತಿರದ ದೊಡ್ಡ ಕೇಂದ್ರವೆಂದರೆ ಶಿವಾಜಿನಗರದ ಸಮೀಪ ಕ್ವೀನ್ಸ್ ರಸ್ತೆಯಲ್ಲಿರುವ ಪಶು ಆಸ್ಪತ್ರೆ. ಹೆಬ್ಬಾಳದ ಪಶುವೈದ್ಯಕೀಯ ಕಾಲೇಜು ಬೋಧನೆ ಮತ್ತು ಚಿಕಿತ್ಸೆ ಎರಡನ್ನೂ ನಡೆಸುವ ಸಂಸ್ಥೆ. 1958ರಲ್ಲಿ ಮೈಸೂರು ಪಶುವೈದ್ಯಕೀಯ ಕಾಲೇಜು ಎಂಬ ಹೆಸರಿನಲ್ಲಿ ಆರಂಭವಾದ ಅದು ಈಗ ಬೀದರಿನಲ್ಲಿ ಕೇಂದ್ರ ಕಚೇರಿಯುಳ್ಳ ಕರ್ನಾಟಕ ಪಶುವೈದ್ಯಕೀಯ, ಪಶು ಮತ್ತು ಮೀನುಗಾರಿಕೆ ವಿಜ್ಞಾನಗಳ ವಿಶ್ವವಿದ್ಯಾಲಯಕ್ಕೆ ಸೇರಿದೆ. ಸೂಕ್ಷ್ಮದರ್ಶಕವನ್ನು ಇಟ್ಟುಕೊಂಡಿರುವ ಚಿಕಿತ್ಸಾಲಯದಲ್ಲಿ ವೈದ್ಯರು ಸ್ಲೈಡನ್ನು ಅಲ್ಲಿಯೇ ನೋಡುತ್ತಾರೆ. ಇಲ್ಲದಿದ್ದರೆ ಅಥವಾ ಸಂಶಯವಿದ್ದರೆ ರೋಗಶಾಸ್ತ್ರಜ್ಞರಿಗೆ ಕಳುಹಿಸುತ್ತಾರೆ. ಹಾಗೆ ಕಳುಹಿಸಿದ ಸ್ಲೈಡಿನ ಗುಣಮಟ್ಟವು ಅದನ್ನು ಓದುವವರ ಕೌಶಲಕ್ಕಿಂತ ಹೆಚ್ಚಾಗಿ, ಅದನ್ನು ತಯಾರಿಸಿದ ಮೊದಲ ಐದು ನಿಮಿಷಗಳ ಮೇಲೆ ನಿಂತಿರುತ್ತದೆ.

ಮಾದರಿ ಸಂಗ್ರಹ

ಸೂಜಿ ಹಾಕುವ ಮೊದಲು ಗಡ್ಡೆಯ ಸ್ಥಾನ, ಗಾತ್ರ, ಗಟ್ಟಿತನ, ಬೆಳೆದ ವೇಗ ಹಾಗೂ ಅದು ಅಡಿಯ ಅಂಗಾಂಶಕ್ಕೆ ಅಂಟಿಕೊಂಡಿದೆಯೇ ಎಂಬುದನ್ನು ಬರೆದುಕೊಳ್ಳಬೇಕು. ಒಂದೇ ನಾಯಿಯಲ್ಲಿ ಹಲವು ಗಡ್ಡೆಗಳಿದ್ದರೆ ದೇಹದ ರೇಖಾಚಿತ್ರದಲ್ಲಿ ಪ್ರತಿಯೊಂದಕ್ಕೂ ಸಂಖ್ಯೆ ಕೊಟ್ಟು, ಅದೇ ಸಂಖ್ಯೆಯನ್ನು ಸ್ಲೈಡಿನ ಮೇಲೂ ಬರೆಯುತ್ತಾರೆ. ಒಂದು ಗಡ್ಡೆ ಕೊಬ್ಬಿನದೆಂದು ತಿಳಿದ ಮಾತ್ರಕ್ಕೆ ಪಕ್ಕದ್ದೂ ಕೊಬ್ಬಿನದೇ ಎಂದು ಭಾವಿಸುವಂತಿಲ್ಲ.

22ರಿಂದ 25 ಗೇಜಿನ ಸೂಜಿ ಮತ್ತು 5 ಅಥವಾ 10 ಮಿಲಿಲೀಟರಿನ ಸಿರಿಂಜ್ ಸಾಕಾಗುತ್ತದೆ. ಚರ್ಮವನ್ನು ಸ್ಪಿರಿಟ್‌ನಿಂದ ಒರೆಸಿ ಒಣಗಲು ಬಿಡಬೇಕು. ವಿಧಾನಗಳು ಎರಡು. ಮೊದಲನೆಯದರಲ್ಲಿ ಸಿರಿಂಜಿನ ದಂಡವನ್ನು ಹಿಂದಕ್ಕೆಳೆದು ಹೀರುತ್ತಾ ಸೂಜಿಯ ದಿಕ್ಕನ್ನು ಬದಲಿಸಲಾಗುತ್ತದೆ. ಸೂಜಿಯನ್ನು ಹೊರತೆಗೆಯುವ ಮೊದಲು ಹೀರುವಿಕೆಯನ್ನು ನಿಲ್ಲಿಸದಿದ್ದರೆ ಮಾದರಿಯೆಲ್ಲವೂ ಸಿರಿಂಜಿನ ಒಳಗೆ ಚದುರಿಹೋಗುತ್ತದೆ. ಎರಡನೆಯದರಲ್ಲಿ ಹೀರುವುದೇ ಇಲ್ಲ. ಬರಿಯ ಸೂಜಿಯನ್ನು ಗಡ್ಡೆಯೊಳಗೆ ಮರಕುಟಿಕ ಹಕ್ಕಿ ಕುಟ್ಟುವಂತೆ ಐದಾರು ಬಾರಿ ಹಿಂದೆ ಮುಂದೆ ಆಡಿಸಿ ತೆಗೆಯುತ್ತಾರೆ; ಕೋಶಗಳು ಸೂಜಿಯ ಕೊಳವೆಯಲ್ಲಿ ಸೇರಿಕೊಂಡಿರುತ್ತವೆ. ರಕ್ತ ಹೆಚ್ಚಾಗಿ ಬರುವ ಗಡ್ಡೆಗಳಿಗೂ ಸುಲಭವಾಗಿ ಒಡೆಯುವ ಕೋಶಗಳಿರುವ ದುಗ್ಧಗ್ರಂಥಿಗಳಿಗೂ ಈ ಎರಡನೆಯ ವಿಧಾನ ಹೆಚ್ಚು ಒಪ್ಪುತ್ತದೆ. ಗಟ್ಟಿಯಾದ, ನಾರಿನಂತಹ ಗಡ್ಡೆಗಳಿಂದ ಕೋಶಗಳು ಬರಬೇಕಾದರೆ ಹೀರುವುದು ಅನಿವಾರ್ಯ.

ದೊಡ್ಡ ಗಡ್ಡೆಯ ನಡುಭಾಗವು ರಕ್ತ ಸಿಗದೆ ಕೊಳೆತಿರುವುದುಂಟು. ಅಲ್ಲಿ ಸೂಜಿ ಹಾಕಿದರೆ ಸತ್ತ ಕೋಶಗಳಷ್ಟೇ ಸಿಗುತ್ತವೆ. ಆದ್ದರಿಂದ ಅಂಚಿನ ಭಾಗಗಳಿಂದಲೂ ಸೇರಿಸಿ ಮೂರು ನಾಲ್ಕು ಕಡೆ ಚುಚ್ಚುವುದು ವಾಡಿಕೆ. ಹುಣ್ಣಾದ ಗಡ್ಡೆಗೆ ಸ್ಲೈಡನ್ನು ಒತ್ತಿ ಅಚ್ಚು ತೆಗೆಯಬಹುದು. ಆದರೆ ಮೇಲ್ಮೈಯಲ್ಲಿ ಸಿಗುವುದು ಬಹುತೇಕ ಕೀವು ಮತ್ತು ಬ್ಯಾಕ್ಟೀರಿಯಾಗಳೇ ಆದ್ದರಿಂದ, ಅಡಿಯ ಗಡ್ಡೆಯನ್ನು ತಿಳಿಯಲು ಸೂಜಿಯ ಮಾದರಿಯೂ ಬೇಕು. ಅಲ್ಟ್ರಾಸೌಂಡ್ ನೆರವಿನಿಂದ ಒಳಾಂಗಗಳ ಮಾದರಿ ತೆಗೆಯುವಾಗ ಜೆಲ್ಲನ್ನು ಒರೆಸಿಬಿಡಬೇಕು. ಅದು ಸ್ಲೈಡಿಗೆ ಸೇರಿದರೆ ನೇರಳೆಗೆಂಪು ಪುಡಿಯಂತೆ ಹರಡಿ ಕೋಶಗಳನ್ನು ಮುಚ್ಚಿಬಿಡುತ್ತದೆ.

ಬೀದಿ ನಾಯಿಯನ್ನು ಹಿಡಿದು ಪರೀಕ್ಷಿಸುವಾಗ ಮುಖಕ್ಕೆ ಬಾಯಿಕುಕ್ಕೆ ಹಾಕುವುದು ಮತ್ತು ಹಿಡಿಯುವವರೆಲ್ಲರೂ ಮುಂಚಿತವಾಗಿ ರೇಬೀಸ್ ಲಸಿಕೆ ಪಡೆದಿರುವುದು ಅಗತ್ಯ.

ಲೇಪ ಮತ್ತು ಬಣ್ಣ

ಸೂಜಿಯಿಂದ ಸ್ಲೈಡಿನ ಮೇಲೆ ಬಿದ್ದ ಹನಿಯ ಮೇಲೆ ಇನ್ನೊಂದು ಸ್ಲೈಡನ್ನು ಮೆಲ್ಲನೆ ಇಟ್ಟು, ಒತ್ತದೆ, ಒಂದೇ ನೇರದಲ್ಲಿ ಎಳೆಯಲಾಗುತ್ತದೆ. ಒತ್ತಿದರೆ ಕೋಶಕೇಂದ್ರಗಳು ಒಡೆದು ಎಳೆಎಳೆಯಾಗಿ ಕಾಣುತ್ತವೆ. ದಪ್ಪ ಲೇಪದಲ್ಲಿ ಕೋಶಗಳು ಒಂದರ ಮೇಲೊಂದು ಬಿದ್ದು ಏನೂ ಕಾಣದು.

ಲೇಪವು ಗಾಳಿಯಲ್ಲಿ ಬೇಗ ಒಣಗಬೇಕು. ಜೂನ್‌ನಿಂದ ಅಕ್ಟೋಬರ್‌ವರೆಗಿನ ಬೆಂಗಳೂರಿನ ತೇವದ ಹವೆಯಲ್ಲಿ ಇದು ನಿಜವಾದ ತೊಡಕು. ನಿಧಾನವಾಗಿ ಒಣಗಿದ ಕೋಶಗಳು ಮುದುಡಿ, ಕೋಶಕೇಂದ್ರದ ಒಳರಚನೆ ಮಸುಕಾಗುತ್ತದೆ. ಸ್ಲೈಡನ್ನು ಗಾಳಿಯಲ್ಲಿ ಬೀಸಿ ಅಥವಾ ತಣ್ಣನೆಯ ಗಾಳಿ ಬೀಸುವ ಸಣ್ಣ ಪಂಖದ ಮುಂದೆ ಇಟ್ಟು ಒಣಗಿಸುತ್ತಾರೆ. ಬಣ್ಣ ಹಾಕದ ಸ್ಲೈಡನ್ನು ಮೇಜಿನ ಮೇಲೆ ತೆರೆದಿಟ್ಟರೆ ನೊಣ ಮತ್ತು ಜಿರಳೆಗಳು ಲೇಪವನ್ನೇ ತಿಂದುಬಿಡುತ್ತವೆ. ಒಣಗಿದ ಸ್ಲೈಡನ್ನು ಫ್ರಿಜ್ಜಿನಲ್ಲಿಡುವುದೂ ಸರಿಯಲ್ಲ. ಹೊರತೆಗೆದಾಗ ಅದರ ಮೇಲೆ ಕೂಡುವ ನೀರಿನ ಹನಿಗಳು ಕೋಶಗಳನ್ನು ಒಡೆಯುತ್ತವೆ.

ಪ್ರಯೋಗಾಲಯಕ್ಕೆ ಕಳುಹಿಸುವಾಗ ಆಗುವ ಇನ್ನೊಂದು ಹಾನಿಯನ್ನು ವಿಶೇಷವಾಗಿ ಹೇಳಬೇಕು. ಸೂಜಿ ಪರೀಕ್ಷೆಯ ಸ್ಲೈಡುಗಳನ್ನೂ ಫಾರ್ಮಾಲಿನ್‌ನಲ್ಲಿ ಮುಳುಗಿಸಿದ ಅಂಗಾಂಶದ ಡಬ್ಬಿಯನ್ನೂ ಒಂದೇ ಪೊಟ್ಟಣದಲ್ಲಿಟ್ಟರೆ ಫಾರ್ಮಾಲಿನ್ ಆವಿಯು ಮುಚ್ಚಳದ ಸಂದಿನಿಂದ ಹೊರಬಂದು ಸ್ಲೈಡಿಗೆ ತಗಲುತ್ತದೆ. ಆಮೇಲೆ ಆ ಕೋಶಗಳು ಬಣ್ಣವನ್ನು ಸರಿಯಾಗಿ ಹಿಡಿಯುವುದಿಲ್ಲ. ಕೆ.ಆರ್. ಪುರದಿಂದ ಹೊರವರ್ತುಲ ರಸ್ತೆಯಲ್ಲಿ ಹೆಬ್ಬಾಳ ಸೇರುವಷ್ಟು ಹೊತ್ತಿನಲ್ಲಿ, ಅದರಲ್ಲೂ ಅಲ್ಲಿನ ಸಂಚಾರ ದಟ್ಟಣೆಯಲ್ಲಿ, ಒಳ್ಳೆಯ ಮಾದರಿಯು ಹೀಗೆ ಕೆಟ್ಟುಹೋಗಬಹುದು. ಎರಡನ್ನೂ ಬೇರೆ ಬೇರೆ ಚೀಲಗಳಲ್ಲಿ, ಬೇರೆ ಪೆಟ್ಟಿಗೆಗಳಲ್ಲಿ ಒಯ್ಯಬೇಕು.

ಲೀಶ್ಮನ್ ವಿಧಾನದಲ್ಲಿ ಲೇಪದ ಮೇಲೆ ಬಣ್ಣ ಸುರಿದು ಒಂದೆರಡು ನಿಮಿಷ ಬಿಟ್ಟು, ಅದರ ಎರಡರಷ್ಟು ಬಫರ್ ನೀರನ್ನು ಬೆರೆಸಿ ಹತ್ತು ಹದಿನೈದು ನಿಮಿಷಗಳ ನಂತರ ತೊಳೆಯಲಾಗುತ್ತದೆ. ಮೂರು ಪಾತ್ರೆಗಳಲ್ಲಿ ಒಂದಾದ ಮೇಲೊಂದರಂತೆ ಅದ್ದಿ ತೆಗೆಯುವ ಶೀಘ್ರ ಬಣ್ಣಗಳೂ ಬಳಕೆಯಲ್ಲಿವೆ. ಇವುಗಳಿಂದ ಒಂದೆರಡು ನಿಮಿಷಗಳಲ್ಲಿ ಸ್ಲೈಡ್ ಸಿದ್ಧವಾಗುತ್ತದೆ, ಆದರೆ ಕೆಲವು ಮಾಸ್ಟ್ ಕೋಶಗಳ ಕಣಗಳು ಈ ಶೀಘ್ರ ಬಣ್ಣಗಳಲ್ಲಿ ಕಾಣಿಸಿಕೊಳ್ಳುವುದಿಲ್ಲ. ಶಂಕೆಯಿದ್ದಾಗ ಟೊಲುಯಿಡಿನ್ ನೀಲಿಯನ್ನಾಗಲಿ ಲೀಶ್ಮನ್, ಜೀಮ್ಸಾ ಬಣ್ಣಗಳನ್ನಾಗಲಿ ಬಳಸಿ ಇನ್ನೊಂದು ಸ್ಲೈಡನ್ನು ನೋಡಬೇಕು. ಈ ಕಾರಣಕ್ಕಾಗಿಯೇ ಎಲ್ಲ ಸ್ಲೈಡುಗಳಿಗೂ ಒಮ್ಮೆಲೇ ಬಣ್ಣ ಹಾಕದೆ ಒಂದೆರಡನ್ನು ಉಳಿಸಿಕೊಳ್ಳುತ್ತಾರೆ.

ಸೂಕ್ಷ್ಮದರ್ಶಕದಲ್ಲಿ ನೋಡುವ ಕ್ರಮ

ಮೊದಲು 10 ಪಟ್ಟಿನ ಮಸೂರದಲ್ಲಿ ಇಡೀ ಸ್ಲೈಡನ್ನು ನೋಡಿ, ಕೋಶಗಳು ಸಾಕಷ್ಟಿವೆಯೇ, ಒಡೆಯದೆ ಉಳಿದಿವೆಯೇ, ಬಣ್ಣ ಸರಿಯಾಗಿ ಹಿಡಿದಿದೆಯೇ ಎಂದು ಖಚಿತಪಡಿಸಿಕೊಳ್ಳಬೇಕು. ಬಳಿಕ 40 ಪಟ್ಟಿನ ಮಸೂರ, ಕೊನೆಗೆ ಎಣ್ಣೆ ಹಾಕಿ ನೋಡುವ 100 ಪಟ್ಟಿನ ಮಸೂರ. ನೇರವಾಗಿ ಎಣ್ಣೆಯ ಮಸೂರಕ್ಕೆ ಹೋದವರಿಗೆ ನಾಲ್ಕು ಕೋಶಗಳು ಚೆನ್ನಾಗಿ ಕಾಣುತ್ತವೆ, ಗಡ್ಡೆ ಕಾಣುವುದಿಲ್ಲ.

ಮೊದಲ ಪ್ರಶ್ನೆ ಇದು ಉರಿಯೂತವೇ ಅಥವಾ ಕೋಶಗಳ ಅತಿಬೆಳವಣಿಗೆಯೇ ಎಂಬುದು. ನ್ಯೂಟ್ರೋಫಿಲ್‌ಗಳೇ ತುಂಬಿದ್ದು ಅವುಗಳ ಒಳಗೆ ಬ್ಯಾಕ್ಟೀರಿಯಾಗಳು ಕಂಡರೆ ಅದು ಕೀವುಗಟ್ಟಿದ ಗಡ್ಡೆ. ಬೀದಿ ನಾಯಿಗಳಲ್ಲಿ ಕಚ್ಚಾಟದ ಗಾಯದಿಂದ ಇದು ಸಾಮಾನ್ಯ. ಚುಚ್ಚುಮದ್ದು ಹಾಕಿದ ಜಾಗದಲ್ಲಿ ಮತ್ತು ಉಣ್ಣೆ ಕಚ್ಚಿದ ಜಾಗದಲ್ಲಿಯೂ ಉರಿಯೂತದ ಗಂಟುಗಳು ಏಳುತ್ತವೆ. ದಕ್ಷಿಣ ಭಾರತದಲ್ಲಿ, ವಿಶೇಷವಾಗಿ ಕೇರಳದಲ್ಲಿ, ಸೊಳ್ಳೆಗಳಿಂದ ಹರಡುವ ಡೈರೊಫೈಲೇರಿಯಾ ರೆಪೆನ್ಸ್ ಎಂಬ ಹುಳುವು ಚರ್ಮದ ಅಡಿಯಲ್ಲಿ ಗಂಟು ಉಂಟುಮಾಡಿರುವ ದಾಖಲೆಗಳಿವೆ.

ಉರಿಯೂತವಲ್ಲದಿದ್ದರೆ ಕೋಶಗಳು ಯಾವ ಕುಟುಂಬದವು ಎಂಬುದು ಎರಡನೆಯ ಪ್ರಶ್ನೆ. ಗುಂಪುಗುಂಪಾಗಿ ಅಂಟಿಕೊಂಡು ಬರುವವು ಚರ್ಮ, ಗ್ರಂಥಿ ಮುಂತಾದವುಗಳ ಹೊದಿಕೆ ಕೋಶಗಳು. ಕದಿರಿನಂತೆ ಎರಡೂ ತುದಿ ಚೂಪಾಗಿ, ಕಡಿಮೆ ಸಂಖ್ಯೆಯಲ್ಲಿ ಬರುವವು ಬೆಸುಗೆ ಅಂಗಾಂಶದ ಕೋಶಗಳು. ಬಿಡಿಬಿಡಿಯಾಗಿ, ಗುಂಡಗೆ, ಹೇರಳವಾಗಿ ಬರುವವನ್ನು ದುಂಡುಕೋಶಗಳೆಂದು ಕರೆಯುತ್ತಾರೆ. ನಾಯಿಗಳಲ್ಲಿ ಸೂಜಿ ಪರೀಕ್ಷೆಯು ಅತ್ಯಂತ ಖಚಿತವಾದ ಉತ್ತರ ಕೊಡುವುದು ಈ ಮೂರನೆಯ ಗುಂಪಿಗೆ.

ಮೂರನೆಯ ಪ್ರಶ್ನೆ, ಇದು ಮಾರಕವೇ? ಕೋಶಕೇಂದ್ರಗಳ ಗಾತ್ರ ಒಂದರಿಂದೊಂದಕ್ಕೆ ತೀರ ಬೇರೆಯಾಗಿರುವುದು, ಕೋಶದ ಬಹುಭಾಗವನ್ನು ಕೋಶಕೇಂದ್ರವೇ ಆಕ್ರಮಿಸಿರುವುದು, ದೊಡ್ಡದಾದ ಅಥವಾ ಅಂಕುಡೊಂಕಾದ ಕಿರುಕೇಂದ್ರಗಳು, ಒಂದೇ ಕೋಶದಲ್ಲಿ ಹಲವು ಕೋಶಕೇಂದ್ರಗಳು, ಅಸಹಜ ಕೋಶವಿಭಜನೆ ಇವು ಮಾರಕತೆಯ ಗುರುತುಗಳು. ಕೋಶಕೇಂದ್ರಕ್ಕೆ ಸಂಬಂಧಿಸಿದ ಇಂತಹ ಮೂರಾದರೂ ಗುರುತುಗಳು ಕಾಣದೆ ಮಾರಕವೆಂದು ಬರೆಯಬಾರದೆಂಬುದು ಸಾಮಾನ್ಯ ನಿಯಮ. ತೀವ್ರ ಉರಿಯೂತದ ನಡುವೆ ಇರುವ ಆರೋಗ್ಯಕರ ಕೋಶಗಳೂ ಇದೇ ರೀತಿ ವಿಕಾರಗೊಂಡು ಕಾಣುವುದರಿಂದ, ಕೀವಿರುವ ಮಾದರಿಯಲ್ಲಿ ಎಚ್ಚರಿಕೆ ಇನ್ನೂ ಹೆಚ್ಚು ಬೇಕು. ಈ ಗುರುತುಗಳು ದುಂಡುಕೋಶಗಳಿಗೆ ಅಷ್ಟಾಗಿ ಅನ್ವಯಿಸುವುದಿಲ್ಲ. ನಿರುಪದ್ರವಿಯಾದ ಹಿಸ್ಟಿಯೊಸೈಟೋಮಾದಲ್ಲಿ ಕೋಶವಿಭಜನೆ ಧಾರಾಳವಾಗಿ ಕಾಣುತ್ತದೆ, ಮಾರಕವಾದ ಲಿಂಫೋಮಾದಲ್ಲಿ ಕೋಶಗಳು ಒಂದೇ ಅಚ್ಚಿನಲ್ಲಿ ತೆಗೆದಂತೆ ಇರಬಹುದು.

ಸಾಮಾನ್ಯವಾಗಿ ಕಂಡುಬರುವ ಗಡ್ಡೆಗಳು

ವಯಸ್ಸಾದ, ಮೈ ತುಂಬಿದ ನಾಯಿಗಳಲ್ಲಿ ಹೆಚ್ಚಾಗಿ ಕಾಣುವುದು ಕೊಬ್ಬಿನ ಗಡ್ಡೆ, ಅಂದರೆ ಲೈಪೋಮಾ. ಸ್ಲೈಡಿನ ಮೇಲೆ ಅದು ಎಣ್ಣೆಯ ಹನಿಯಂತೆ ಹೊಳೆಯುತ್ತಾ ಒಣಗದೆ ಉಳಿಯುತ್ತದೆ. ಬಣ್ಣ ಹಾಕುವಾಗ ಮೆಥನಾಲ್‌ನಲ್ಲಿ ಕೊಬ್ಬು ಕರಗಿ ಸ್ಲೈಡ್ ಖಾಲಿಯಾಗುವುದುಂಟು. ಇಲ್ಲೊಂದು ಸೂಕ್ಷ್ಮವಿದೆ: ಸೂಜಿಯು ಗಡ್ಡೆಯನ್ನು ತಪ್ಪಿ ಪಕ್ಕದ ಚರ್ಮದಡಿಯ ಕೊಬ್ಬಿಗೆ ಹೋದರೂ ಸ್ಲೈಡಿನಲ್ಲಿ ಕಾಣುವುದು ಇದೇ ಕೊಬ್ಬು. ಸೂಜಿಯು ಗಡ್ಡೆಯೊಳಗೇ ಇತ್ತೆಂದು ಮಾದರಿ ತೆಗೆದವರಿಗೆ ಖಾತರಿಯಿದ್ದಾಗ ಮಾತ್ರ ಆ ಉತ್ತರವನ್ನು ನಂಬಬಹುದು. ಚರ್ಮದ ಚೀಲಗಡ್ಡೆಗಳಿಂದ ಬೂದುಬಣ್ಣದ, ಮೊಸರಿನಂತಹ ವಸ್ತು ಬರುತ್ತದೆ; ಅದರಲ್ಲಿ ಕೆರಟಿನ್ ಪದರಗಳೂ ಕೊಲೆಸ್ಟರಾಲ್ ಹರಳುಗಳೂ ಇರುತ್ತವೆ.

ಮಾಸ್ಟ್ ಕೋಶ ಗಡ್ಡೆಯು ನಾಯಿಗಳ ಚರ್ಮದ ಮಾರಕ ಗಡ್ಡೆಗಳಲ್ಲಿ ಅತಿ ಸಾಮಾನ್ಯವಾದದ್ದು, ಹೊರನೋಟಕ್ಕೆ ಯಾವ ಗಡ್ಡೆಯಂತೆಯೂ ಕಾಣಬಲ್ಲದು. ಕೋಶರಸದಲ್ಲಿ ತುಂಬಿರುವ ನೇರಳೆ ಬಣ್ಣದ ಕಣಗಳು ಇದರ ಗುರುತು; ಜೊತೆಗೆ ಇಯೊಸಿನೋಫಿಲ್‌ಗಳೂ ಇರುತ್ತವೆ. ಕಣಗಳಲ್ಲಿರುವ ಹಿಸ್ಟಮಿನ್ ಸೂಜಿಯ ತಿವಿತಕ್ಕೆ ಬಿಡುಗಡೆಯಾಗಿ ಗಡ್ಡೆ ಇದ್ದಕ್ಕಿದ್ದಂತೆ ಊದಬಹುದು, ಕೆಂಪಾಗಬಹುದು. ಈ ಗಡ್ಡೆಯನ್ನು ಮೊದಲೇ ಗುರುತಿಸದೆ ಕೊಬ್ಬಿನ ಗಡ್ಡೆಯಂತೆ ಅಂಚಿಗೆ ಹತ್ತಿಯೇ ಕತ್ತರಿಸಿದರೆ ರೋಗಕೋಶಗಳು ಉಳಿದು ಮತ್ತೆ ಬೆಳೆಯುತ್ತವೆ. ಇದಕ್ಕೆ ಸಾಮಾನ್ಯವಾಗಿ ಸುತ್ತಲೂ ಸುಮಾರು 2 ಸೆಂಟಿಮೀಟರ್ ಚರ್ಮವನ್ನೂ ಅಡಿಯಲ್ಲಿ ಒಂದು ಪೊರೆಯ ಪದರವನ್ನೂ ಸೇರಿಸಿ ತೆಗೆಯುತ್ತಾರೆ. ಮೊದಲ ಶಸ್ತ್ರಚಿಕಿತ್ಸೆಯೇ ಗುಣಪಡಿಸಲು ಸಿಗುವ ಅತ್ಯುತ್ತಮ ಅವಕಾಶವಾದ್ದರಿಂದ, ಕತ್ತರಿಸುವ ಮೊದಲಿನ ಐದು ನಿಮಿಷದ ಸೂಜಿ ಪರೀಕ್ಷೆಗೆ ಇಲ್ಲಿರುವಷ್ಟು ಬೆಲೆ ಬೇರೆಲ್ಲಿಯೂ ಇಲ್ಲ. ಆದರೆ ರೋಗದ ಶ್ರೇಣಿಯನ್ನು ನಿರ್ಧರಿಸಲು ಬಳಸುವ 1984ರ ಪಟ್ನಾಯಕ್ ಪದ್ಧತಿಗೂ 2011ರ ಕ್ಯುಪೆಲ್ ಪದ್ಧತಿಗೂ ಕತ್ತರಿಸಿ ತೆಗೆದ ಅಂಗಾಂಶವೇ ಬೇಕು.

ಹಿಸ್ಟಿಯೊಸೈಟೋಮಾ ಬಹುಮಟ್ಟಿಗೆ ಎಳೆಯ ನಾಯಿಗಳ ತಲೆ, ಕಿವಿ, ಕಾಲುಗಳ ಮೇಲೆ ಗುಂಡಿಯಂತೆ ಏಳುವ ಕೆಂಪು ಗಡ್ಡೆ. ಒಂದೆರಡು ತಿಂಗಳಿನಲ್ಲಿ ದೇಹದ ಲಿಂಫೋಸೈಟುಗಳು ಅದನ್ನು ಮುತ್ತಿ ಕರಗಿಸುತ್ತವೆ. ಸ್ಲೈಡಿನಲ್ಲಿ ಇದನ್ನು ಗುರುತಿಸಿದರೆ ಅನೇಕ ನಾಯಿಮರಿಗಳಿಗೆ ಶಸ್ತ್ರಚಿಕಿತ್ಸೆ ತಪ್ಪುತ್ತದೆ.

ವಯಸ್ಸಾದ, ಸಂತಾನಹರಣವಾಗದ ಗಂಡುನಾಯಿಗಳ ಗುದದ್ವಾರದ ಸುತ್ತ ಬೆಳೆಯುವ ಗಡ್ಡೆಗಳ ಕೋಶಗಳು ಯಕೃತ್ತಿನ ಕೋಶಗಳನ್ನು ಹೋಲುತ್ತವೆ. ಇವುಗಳಲ್ಲಿ ಹೆಚ್ಚಿನವು ನಿರುಪದ್ರವಿಗಳಾಗಿದ್ದು, ವೃಷಣಗಳನ್ನು ತೆಗೆದ ಮೇಲೆ ಕುಗ್ಗುತ್ತವೆ. ಅದೇ ಜಾಗದ ಗುದಚೀಲದ ಕ್ಯಾನ್ಸರ್ ಬೇರೆಯದೇ ಕಾಯಿಲೆ; ಬೇಗ ಹರಡುವಂಥದ್ದು.

ಹೆಣ್ಣುನಾಯಿಗಳ ಮೊಲೆಯ ಗಡ್ಡೆಗಳಲ್ಲಿ ಸೂಜಿ ಪರೀಕ್ಷೆಯ ಬಲ ಕಡಿಮೆ. ಒಂದೇ ಗಡ್ಡೆಯಲ್ಲಿ ಹಲವು ಬಗೆಯ ಕೋಶಗಳಿದ್ದು, ಒಂದು ಭಾಗ ನಿರುಪದ್ರವಿಯಾಗಿ ಇನ್ನೊಂದು ಭಾಗ ಮಾರಕವಾಗಿರಬಹುದು. ಇಲ್ಲಿ ಸೂಜಿಯನ್ನು ಮುಖ್ಯವಾಗಿ ಬಳಸುವುದು ಅದು ಮೊಲೆಯದೇ ಗಡ್ಡೆಯೇ, ಮಾಸ್ಟ್ ಕೋಶ ಅಥವಾ ಕೊಬ್ಬಿನ ಗಡ್ಡೆಯೇ ಎಂದು ತಿಳಿಯಲು ಮತ್ತು ಸಮೀಪದ ದುಗ್ಧಗ್ರಂಥಿಗೆ ರೋಗ ಹರಡಿದೆಯೇ ಎಂದು ನೋಡಲು.

ಸಾಂಕ್ರಾಮಿಕ ಲೈಂಗಿಕ ಗಡ್ಡೆ

ಟಿವಿಟಿ ಎಂದು ಕರೆಯುವ ಈ ಗಡ್ಡೆಯು ಜೀವಶಾಸ್ತ್ರದ ದೃಷ್ಟಿಯಿಂದಲೂ ವಿಸ್ಮಯಕರ. ಇದರಲ್ಲಿ ಹರಡುವುದು ವೈರಸ್ ಅಲ್ಲ, ಕ್ಯಾನ್ಸರ್ ಕೋಶಗಳೇ. ರಷ್ಯಾದ ಪಶುವೈದ್ಯ ನೊವಿನ್‌ಸ್ಕಿ 1876ರಲ್ಲಿ ಇದನ್ನು ಒಂದು ನಾಯಿಯಿಂದ ಇನ್ನೊಂದಕ್ಕೆ ನಾಟಿಮಾಡಿ ಬೆಳೆಸಿ ತೋರಿಸಿದನು. ಆರೋಗ್ಯವಂತ ನಾಯಿಯ ಕೋಶದಲ್ಲಿ 78 ವರ್ಣತಂತುಗಳಿದ್ದರೆ ಈ ಗಡ್ಡೆಯ ಕೋಶಗಳಲ್ಲಿ 60ಕ್ಕಿಂತ ಕಡಿಮೆ ಇವೆ. ಜಗತ್ತಿನ ಎಲ್ಲೆಡೆಯ ಟಿವಿಟಿ ಕೋಶಗಳು ಒಂದೇ ಪ್ರಾಚೀನ ನಾಯಿಯಿಂದ ಬಂದವು. 2019ರಲ್ಲಿ ಪ್ರಕಟವಾದ ತಳಿಶಾಸ್ತ್ರ ಅಧ್ಯಯನವೊಂದು ಇದರ ಉಗಮವನ್ನು 4,000ದಿಂದ 8,500 ವರ್ಷಗಳ ಹಿಂದಿನ ಏಷ್ಯಾದಲ್ಲಿ ಗುರುತಿಸಿದೆ. ಶಿವಾಜಿನಗರದ ಬೀದಿ ನಾಯಿಯ ಸ್ಲೈಡಿನಲ್ಲಿ ಇಂತಹ ಕೋಶ ಕಂಡರೆ, ಅದು ಎಂದೋ ಸತ್ತ ಆ ನಾಯಿಯ ಜೀವಕೋಶದ ಸಂತತಿಯೇ ಹೊರತು ಮುಂದಿರುವ ನಾಯಿಯದಲ್ಲ.

ಕೂಡುವಿಕೆಯಿಂದ, ನೆಕ್ಕುವುದರಿಂದ ಮತ್ತು ಮೂಸುವುದರಿಂದ ಹರಡುವುದರಿಂದ ಇದು ಜನನಾಂಗಗಳಲ್ಲಿ ಹೂಕೋಸಿನಂತೆಯೂ, ಕೆಲವೊಮ್ಮೆ ಮೂಗಿನೊಳಗೂ ಬೆಳೆಯುತ್ತದೆ. ಜನನಾಂಗದಿಂದ ತೊಟ್ಟಿಕ್ಕುವ ರಕ್ತವನ್ನು ಬೆದೆಯ ಸ್ರಾವವೆಂದೋ ಮೂತ್ರದ ಸೋಂಕೆಂದೋ ಭಾವಿಸಿ ತಿಂಗಳುಗಟ್ಟಲೆ ಬಿಡುವುದುಂಟು. ಸ್ಲೈಡಿನಲ್ಲಿ ಮಾತ್ರ ಗುರುತು ಸುಲಭ: ದುಂಡಗಿನ ಕೋಶಗಳು, ಒಂದೆರಡು ಎದ್ದುಕಾಣುವ ಕಿರುಕೇಂದ್ರಗಳು, ಹೇರಳವಾದ ಕೋಶವಿಭಜನೆ, ಕೋಶರಸದಲ್ಲಿ ಸೂಜಿಯಿಂದ ಚುಚ್ಚಿದಂತೆ ಸಾಲಾಗಿ ಕಾಣುವ ಸ್ಪಷ್ಟ ಗುಳ್ಳೆಗಳು.

ರೋಗವನ್ನು ಗುರುತಿಸಿದರೆ ಶಸ್ತ್ರಚಿಕಿತ್ಸೆಯ ಅಗತ್ಯ ಸಾಮಾನ್ಯವಾಗಿ ಬೀಳುವುದಿಲ್ಲ. ವಿನ್‌ಕ್ರಿಸ್ಟಿನ್ ಎಂಬ ಔಷಧಿಯನ್ನು ವಾರಕ್ಕೊಮ್ಮೆ ರಕ್ತನಾಳಕ್ಕೆ ಕೊಟ್ಟರೆ, ನಾಲ್ಕರಿಂದ ಎಂಟು ವಾರಗಳಲ್ಲಿ ಬಹುಪಾಲು ನಾಯಿಗಳು ಪೂರ್ಣವಾಗಿ ಗುಣವಾಗುತ್ತವೆ. ಔಷಧಿಯು ರಕ್ತನಾಳದಿಂದ ಹೊರಗೆ ಸೋರಿದರೆ ಸುತ್ತಲಿನ ಮಾಂಸ ಕೊಳೆಯುತ್ತದೆಯಾದ್ದರಿಂದ ಇದನ್ನು ನುರಿತ ವೈದ್ಯರೇ ಕೊಡಬೇಕು. ಬೀದಿ ನಾಯಿಯ ವಿಷಯದಲ್ಲಿ ನಿಜವಾದ ಕಷ್ಟವಿರುವುದು ಅದೇ ನಾಯಿಯನ್ನು ಪ್ರತಿ ವಾರ ಮತ್ತೆ ಹಿಡಿಯುವುದರಲ್ಲಿ. ಒಂದೆರಡು ಚುಚ್ಚುಮದ್ದಿಗೆ ಗಡ್ಡೆ ಕುಗ್ಗಿ, ರಕ್ತ ನಿಂತು, ನಾಯಿ ಗುಣವಾದಂತೆ ಕಾಣುತ್ತದೆ. ಅಲ್ಲಿಗೇ ನಿಲ್ಲಿಸಿದರೆ ಉಳಿದ ಕೋಶಗಳು ಮತ್ತೆ ಬೆಳೆಯಬಹುದು. ಆದ್ದರಿಂದ ಆ ನಾಯಿಗೆ ದಿನವೂ ಊಟ ಹಾಕುವ, ಅದು ನಂಬುವ ಒಬ್ಬರು ಇಲ್ಲದೆ ಈ ಚಿಕಿತ್ಸೆ ಪೂರ್ಣವಾಗುವುದು ಕಷ್ಟ. 2001ರ ಪ್ರಾಣಿ ಸಂತಾನ ನಿಯಂತ್ರಣ ನಿಯಮಗಳ ಸ್ಥಾನದಲ್ಲಿ ಬಂದ 2023ರ ನಿಯಮಗಳ ಅಡಿಯಲ್ಲಿ ನಡೆಯುವ ಸಂತಾನಹರಣವು ಕೂಡುವಿಕೆಯನ್ನು ತಪ್ಪಿಸಿ ರೋಗದ ಹರಡುವಿಕೆಯನ್ನೂ ತಗ್ಗಿಸುತ್ತದೆ.

ಊದಿದ ದುಗ್ಧಗ್ರಂಥಿಗಳು

ದವಡೆಯ ಅಡಿ, ಭುಜದ ಮುಂದೆ, ಮಂಡಿಯ ಹಿಂದೆ ಏಕಕಾಲಕ್ಕೆ ಗಂಟುಗಳು ಊದಿದ್ದರೆ ಎರಡು ಕಾರಣಗಳನ್ನು ಬೇರ್ಪಡಿಸಬೇಕಾಗುತ್ತದೆ. ಒಂದು ಲಿಂಫೋಮಾ, ಇನ್ನೊಂದು ಕಂದು ಉಣ್ಣೆಯಿಂದ ಹರಡುವ ಎರ್ಲಿಕಿಯಾ ಮುಂತಾದ ಸೋಂಕುಗಳು. ಉಣ್ಣೆಯ ಕಾಟ ವರ್ಷವಿಡೀ ಇರುವ ಬೆಂಗಳೂರಿನಂತಹ ಊರಿನಲ್ಲಿ ಈ ಎರಡನೆಯ ಸಾಧ್ಯತೆಯನ್ನು ಮರೆಯುವಂತಿಲ್ಲ. ಸೋಂಕಿಗೆ ಪ್ರತಿಕ್ರಿಯಿಸಿದ ಗ್ರಂಥಿಯಲ್ಲಿ ಸಣ್ಣ ಲಿಂಫೋಸೈಟುಗಳೇ ಹೆಚ್ಚಾಗಿದ್ದು, ಪ್ಲಾಸ್ಮಾ ಕೋಶಗಳೂ ಸೇರಿ ಬಗೆಬಗೆಯ ಕೋಶಗಳ ಮಿಶ್ರಣ ಕಾಣುತ್ತದೆ. ಲಿಂಫೋಮಾದ ಸಾಮಾನ್ಯ ರೂಪದಲ್ಲಿ ಅರ್ಧಕ್ಕಿಂತ ಹೆಚ್ಚು ಕೋಶಗಳು ದೊಡ್ಡ ಲಿಂಫೋಸೈಟುಗಳಾಗಿರುತ್ತವೆ. ಅವುಗಳ ಕೋಶಕೇಂದ್ರವೇ ಕೆಂಪು ರಕ್ತಕಣದ ಎರಡರಷ್ಟು ಅಥವಾ ಅದಕ್ಕಿಂತ ದೊಡ್ಡದು. ದವಡೆಯ ಗ್ರಂಥಿಯು ಹಲ್ಲಿನ ಕಾಯಿಲೆಯಿಂದಲೂ ಊದುವುದರಿಂದ ಮಂಡಿಯ ಹಿಂದಿನ ಅಥವಾ ಭುಜದ ಮುಂದಿನ ಗ್ರಂಥಿಯಿಂದ ಮಾದರಿ ತೆಗೆಯುವುದು ಮೇಲು.

ಗಂಟು ಊದಿದೆಯೆಂದು ಪರೀಕ್ಷೆಗೆ ಮೊದಲೇ ಪ್ರೆಡ್ನಿಸೊಲೋನ್‌ನಂತಹ ಸ್ಟೀರಾಯ್ಡ್ ಕೊಡುವುದು ಇಲ್ಲಿ ಬಹಳ ದುಬಾರಿಯಾಗುತ್ತದೆ. ಲಿಂಫೋಮಾ ಕೋಶಗಳು ಅದಕ್ಕೆ ತಾತ್ಕಾಲಿಕವಾಗಿ ಸಾಯುತ್ತವೆ, ಗಂಟು ಇಳಿಯುತ್ತದೆ, ಮನೆಯವರಿಗೆ ಸಮಾಧಾನವಾಗುತ್ತದೆ. ಆದರೆ ಆಗ ತೆಗೆದ ಸ್ಲೈಡಿನಲ್ಲಿ ರೋಗ ಕಾಣದೆ ಹೋಗಬಹುದು. ಉಳಿದ ಕೋಶಗಳು ಮುಂದೆ ಕೊಡುವ ಕ್ಯಾನ್ಸರ್ ಔಷಧಿಗಳಿಗೂ ಬಗ್ಗದಂತಾಗಬಹುದು. ಚಿಕಿತ್ಸೆಯಿಲ್ಲದ ಲಿಂಫೋಮಾದಲ್ಲಿ ನಾಯಿಗೆ ಸಾಮಾನ್ಯವಾಗಿ ಉಳಿಯುವುದು ಒಂದೆರಡು ತಿಂಗಳಷ್ಟೇ ಆದ್ದರಿಂದ, ಹೀಗೆ ಕಳೆದ ವಾರಗಳು ಮರಳಿ ಸಿಗುವುದಿಲ್ಲ.

ಮಿತಿಗಳು

ಸೂಜಿ ಪರೀಕ್ಷೆಯಲ್ಲಿ ಕಾಣುವುದು ಬಿಡಿ ಕೋಶಗಳು, ಅಂಗಾಂಶದ ಕಟ್ಟಡವಲ್ಲ. ಗಡ್ಡೆಯು ತನ್ನ ಎಲ್ಲೆಯನ್ನು ದಾಟಿ ಪಕ್ಕದ ಮಾಂಸಕ್ಕೆ, ರಕ್ತನಾಳಕ್ಕೆ ನುಗ್ಗಿದೆಯೇ ಎಂಬುದು ಇದರಿಂದ ತಿಳಿಯದು. ಅದಕ್ಕೆ ತುಂಡು ತೆಗೆದು ನೋಡುವ ಬಯಾಪ್ಸಿಯೇ ಬೇಕು. ಕದಿರು ಕೋಶಗಳ ಗಡ್ಡೆಗಳು ಕೋಶಗಳನ್ನು ಸುಲಭವಾಗಿ ಬಿಟ್ಟುಕೊಡುವುದಿಲ್ಲ. ಗಾಯ ಮಾಯುವಾಗ ಹುಟ್ಟುವ ಸಹಜ ಕೋಶಗಳೂ ಅವುಗಳಂತೆಯೇ ಕಾಣುತ್ತವೆ.

ಇಟಲಿಯ ಸಂಶೋಧಕರು 2006ರಲ್ಲಿ ನಾಯಿ ಮತ್ತು ಬೆಕ್ಕುಗಳ ಚರ್ಮದ ಹಾಗೂ ಚರ್ಮದಡಿಯ 292 ಗಡ್ಡೆಗಳನ್ನು ಎರಡೂ ವಿಧಾನಗಳಲ್ಲಿ ಹೋಲಿಸಿದಾಗ, ಸುಮಾರು ಶೇ. 17ರಷ್ಟು ಸೂಜಿ ಮಾದರಿಗಳು ಓದಲು ಸಾಲದಂತಿದ್ದವು. ಉಳಿದವುಗಳಲ್ಲಿ ಸುಮಾರು ಶೇ. 91ರಷ್ಟು ಅಂಗಾಂಶ ಪರೀಕ್ಷೆಯ ಫಲಿತಾಂಶಕ್ಕೆ ಹೊಂದಿದವು. ತಪ್ಪಿದವುಗಳಲ್ಲಿ ಹೆಚ್ಚಿನವು ಇಲ್ಲದ ಕ್ಯಾನ್ಸರನ್ನು ಕಂಡದ್ದಲ್ಲ, ಇದ್ದ ಕ್ಯಾನ್ಸರನ್ನು ಕಾಣದೆ ಹೋದದ್ದು. ವರದಿಯನ್ನು ಓದುವಾಗ ಇದು ಮುಖ್ಯ. ಮಾಸ್ಟ್ ಕೋಶ ಗಡ್ಡೆ ಎಂದು ಬರೆದಿದ್ದರೆ ಅದನ್ನು ಬಹುಮಟ್ಟಿಗೆ ನಂಬಬಹುದು. ಕ್ಯಾನ್ಸರ್ ಕೋಶಗಳು ಕಂಡುಬಂದಿಲ್ಲ ಎಂದಿದ್ದರೆ, ಕಂಡದ್ದು ಏನು ಎಂದು ಕೇಳಬೇಕು. ಕೊಬ್ಬು, ಕೀವು, ಕೆರಟಿನ್ ಹೀಗೆ ಗಡ್ಡೆಯನ್ನು ವಿವರಿಸುವ ಉತ್ತರವಿದ್ದರೆ ಅದು ಉತ್ತರ. ರಕ್ತ ಮಾತ್ರ, ಕೋಶಗಳು ಸಾಲದು ಎಂದಿದ್ದರೆ ಅದು ಫಲಿತಾಂಶವೇ ಅಲ್ಲ. ಪರೀಕ್ಷೆಯನ್ನು ಮತ್ತೊಮ್ಮೆ ಮಾಡಬೇಕು ಅಥವಾ ಬಯಾಪ್ಸಿಗೆ ಹೋಗಬೇಕು. ಸ್ಲೈಡಿನೊಂದಿಗೆ ನಾಯಿಯ ತಳಿ, ವಯಸ್ಸು, ಗಡ್ಡೆಯ ಸ್ಥಾನ ಮತ್ತು ಅವಧಿಯನ್ನು ಬರೆಯದೆ ಕಳುಹಿಸಿದಾಗ ಇಂತಹ ಅನಿಶ್ಚಿತ ವರದಿಗಳು ಹೆಚ್ಚುತ್ತವೆ.

ಅಪಾಯಗಳು

ಚರ್ಮದ ಗಡ್ಡೆಗಳಲ್ಲಿ ಅಪಾಯ ತೀರ ಕಡಿಮೆ. ಸ್ವಲ್ಪ ರಕ್ತ, ನೀಲಿಗಟ್ಟುವುದು, ಮಾಸ್ಟ್ ಕೋಶ ಗಡ್ಡೆಯಾದರೆ ಊತ. ಸೂಜಿ ಚುಚ್ಚಿದರೆ ಕ್ಯಾನ್ಸರ್ ಮೈಯೆಲ್ಲ ಹರಡುತ್ತದೆ ಎಂಬ ಭಯದಿಂದ ಕೆಲವು ಮಾಲೀಕರು ಪರೀಕ್ಷೆಯನ್ನು ಬೇಡವೆನ್ನುತ್ತಾರೆ. ಚರ್ಮದ ಗಡ್ಡೆಗಳ ವಿಷಯದಲ್ಲಿ ಈ ಭಯಕ್ಕೆ ಆಧಾರವಿಲ್ಲ. ಆದರೆ ಮೂತ್ರಕೋಶದ ಕ್ಯಾನ್ಸರಿನಲ್ಲಿ ಸೂಜಿ ಹೋದ ದಾರಿಯಲ್ಲಿ ಕೋಶಗಳು ನೆಲೆಯೂರಿದ ಪ್ರಕರಣಗಳು ವರದಿಯಾಗಿರುವುದರಿಂದ ಅಲ್ಲಿ ಹೊಟ್ಟೆಯ ಮೂಲಕ ಸೂಜಿ ಹಾಕುವುದನ್ನು ತಪ್ಪಿಸಿ ಬೇರೆ ವಿಧಾನಗಳನ್ನು ಬಳಸುತ್ತಾರೆ. ಗುಲ್ಮದ ರಕ್ತನಾಳ ಗಡ್ಡೆಗಳು ಸೂಜಿಯಿಂದ ಒಡೆದು ಹೊಟ್ಟೆಯೊಳಗೆ ರಕ್ತ ಸೋರಬಹುದು. ಎರ್ಲಿಕಿಯಾ ಸೋಂಕಿರುವ ನಾಯಿಗಳಲ್ಲಿ ಪ್ಲೇಟ್‌ಲೆಟ್‌ಗಳು ಇಳಿದಿರುವುದು ಸಾಮಾನ್ಯವಾದ್ದರಿಂದ, ಒಳಾಂಗಗಳಿಗೆ ಸೂಜಿ ಹಾಕುವ ಮೊದಲು ಅವುಗಳ ಎಣಿಕೆಯನ್ನು ನೋಡಿಕೊಳ್ಳಲಾಗುತ್ತದೆ.